ಬಾವಿಕಟ್ಟೆಯ ಕಲ್ಲು

ನಮ್ಮ ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ವಂಶದ ಕಥೆ ಬರುತ್ತದೆ. ಅಣೆಕಟ್ಟಿನ ನೀರು ತುಮರಿ ಕಡೆಯ ನಮ್ಮ ಊರಿಗೆ ಏರಿದ್ದು, ಅಜ್ಜಯ್ಯ ಹೆಂಡತಿ ಮಕ್ಕಳನ್ನು ಲಾರಿಗೆ ಹತ್ತಿಸಿದ್ದು, ಹೊಸನಗರ ಸೀಮೆಯ ಈ ಕಾಡಿನಲ್ಲಿ ಇಳಿಸಿ ಲಾರಿ ಹೊರಟುಹೋದದ್ದು. ಆಗ ಅಪ್ಪಯ್ಯನಿಗೆ ಐದಾರು ವರ್ಷ. "ಇಲ್ಲಿ ನರಪಿಳ್ಳೆ ಇರ್ಲಿಲ್ಲ. ಮೊದ್ಲು ಒಲೆ ಹೂಡಿದ್ದು ನಾವೇ" ಎಂದು ಮುಗಿಸುತ್ತಾನೆ. ಅಷ್ಟರಲ್ಲಿ ಬಂದವರ ಕಾಫಿ ತಣ್ಣಗಾಗಿರುತ್ತದೆ.

ನಾನು ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ಚರಿತ್ರೆ ಹೇಳುವವಳು. ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ ಇಳಿದ ಬಿಳಿಯರು ಖಾಲಿ ನೆಲ ಕಂಡೆವೆಂದು ಬರೆದುಕೊಂಡ ಪಾಠ ಮಾಡುವಾಗ ನಗುತ್ತಿದ್ದೆ. ಅಪ್ಪಯ್ಯನ ಕಥೆಗೆ ಮಾತ್ರ ನಗು ಬರುತ್ತಿರಲಿಲ್ಲ. ನಮ್ಮ ಜಮೀನಿಗೆ ಇನ್ನೂ ಹಕ್ಕುಪತ್ರ ಬಂದಿಲ್ಲ. ಅರಣ್ಯದವರು ಬಂದಾಗಲೂ ಅವನು ಹೇಳುವುದು ಇದೇ ಕಥೆ, ಆಗ ಧ್ವನಿ ನಡುಗುತ್ತದೆ.

ದೀಪಾವಳಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ನಮ್ಮ ಪದ್ಧತಿ. ನಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗ ನೀರಿನ ಅಡಿಯಲ್ಲಿದೆ. ಹಾಗಾಗಿ ಮನೆಮಂದಿಯೆಲ್ಲ ಸಾಗರ ಪೇಟೆಯ ಮೇಲಿಂದ ಹೋಗಿ, ಲಾಂಚ್ ಹತ್ತಿ ಹಿನ್ನೀರು ದಾಟಿ, ಆಚೆ ದಡದಲ್ಲಿ ಬಾಳೆ ಎಲೆಗೆ ಕಡುಬು, ಕೋಳಿ ಸಾರು ಬಡಿಸಿ ನೀರಿಗೆ ಬಿಡುತ್ತಿದ್ದೆವು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು. ಆ ವರ್ಷ ಸತ್ತವರ ಹೆಸರನ್ನೂ ಕರೆದರೆ ಅವರು ಹಿರಿಯರಲ್ಲಿ ಸೇರುತ್ತಾರೆ. ಕರೆಯದಿದ್ದರೆ ಹೊರಗೇ ಅಲೆಯುತ್ತಾರೆ. ಮೊಣಕಾಲುದ್ದ ನೀರಿನಲ್ಲಿ ನಿಂತು ತನ್ನ ಅಜ್ಜಿಯನ್ನು ಕೂಗುವಾಗ ಅಪ್ಪಯ್ಯ ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ. ಅದನ್ನು ನೋಡಿ ನಾನೂ ಅತ್ತಿದ್ದೇನೆ.

ಪ್ರತಿ ಸಲ ಮನೆ ಸೇರುವಾಗ ಕತ್ತಲಾಗಿರುತ್ತಿತ್ತು. ಕಳೆದ ವರ್ಷ ಹೊಸ ಸೇತುವೆಯ ಮೇಲೆ ಹೋದೆವು. ಲಾಂಚಿಗೆ ಕಾಯುವ ಗೋಳಿರಲಿಲ್ಲ, ಬಿಸಿಲಿರುವಾಗಲೇ ಹಿಂದಿರುಗಿದೆವು. ಬಾವಿಕಟ್ಟೆಯ ಹತ್ತಿರ ಬುಟ್ಟಿಯಮ್ಮ ಕೂತಿದ್ದಳು.

ಗುಡ್ಡದಾಚೆಯಿಂದ ಬುಟ್ಟಿ, ಮೊರ ಹೆಣೆದು ತರುತ್ತಿದ್ದ ಮುದುಕಿ ಅವಳು. ಅಲ್ಲಿನ ಕೇರಿಯವರೆಲ್ಲ ಕೂಲಿ ಹುಡುಕಿಕೊಂಡು ಎತ್ತೆತ್ತಲೋ ಹೋಗಿ, ಅವಳೂ ಅವಳ ಮಗನೂ ಮಾತ್ರ ಉಳಿದಿದ್ದರು. ನಾವು ಬಟ್ಟೆ ಒಗೆಯುವ ಕಲ್ಲನ್ನು ತೊಳೆದು, ಅರಿಶಿನ ಹಚ್ಚಿ, ಅದರ ಮೇಲೆ ಎಲೆಯಲ್ಲಿ ಅನ್ನ ಇಟ್ಟಿದ್ದಳು.

"ಇದೆಂತ ಮಾಡ್ತಿದೀಯೆ?" ಅಪ್ಪಯ್ಯ ಗದರಿದ.

"ನಮ್ಮವ್ವನ ಕಲ್ಲು, ಅಯ್ಯಾ. ಇಲ್ಲೇ ಮಣ್ಣು ಮಾಡಿ ತಲೆ ಹತ್ರ ನಿಲ್ಸಿದ್ವಿ. ಬೆಳಿಗ್ಗೆ ಬೆತ್ತ ಕಡಿಯಕ್ಕೆ ಹೋದವರು ಸಂಜೆ ಬಂದ್ರೆ ನಿಮ್ಮ ಜನ ಇಳ್ದಿದ್ರು. ಹೆದರಿ ಗುಡ್ಡದಾಚೆ ಹೋದ್ವಿ. ಆಮೇಲೆ ನಿಮ್ಮಪ್ಪ ಇದನ್ನ ಕಿತ್ತು ಬಟ್ಟೆ ಒಗೆಯಕ್ಕೆ ಮಲಗ್ಸಿದ್ರು. ಪ್ರತಿ ವರ್ಷ ನೀವು ಹಿನ್ನೀರಿಗೆ ಹೋದಾಗ ಒಂದು ತುತ್ತು ಇಟ್ಟು ಹೋಗ್ತೀನಿ. ಈ ಸಲ ಮಗನ್ನ ಸೇರ್ಸ್ಬೇಕು, ಮಳೆಗಾಲದಲ್ಲಿ ಹೋಗ್ಬಿಟ್ಟ. ಒಂದು ಗಳಿಗೆ ಬಿಡಿ, ಇನ್ನೂ ಹೆಸ್ರು ಕರ್ದಿಲ್ಲ."

"ಇಲ್ಲಿ ಯಾರೂ ಇರ್ಲಿಲ್ಲ! ಅರಣ್ಯದವ್ರು ಕೇಳಿದ್ರೆ ನಾನೆಂತ ಹೇಳ್ಲಿ?" ಎನ್ನುತ್ತ ಅಪ್ಪಯ್ಯ ಬಾವಿಕಟ್ಟೆಯ ಮೇಲಿದ್ದ ಕೊಡಪಾನ ಎತ್ತಿ ಕಲ್ಲಿನ ಮೇಲೆ ನೀರು ಸುರಿದುಬಿಟ್ಟ. ಅನ್ನ ಸೋಪಿನ ನೀರು ಹರಿಯುವ ಚರಂಡಿಗೆ ಹೋಯಿತು. ಮುದುಕಿ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಹೋದಳು.

"ಮಧ್ಯಾಹ್ನ ನೀರಲ್ಲಿ ನಿಂತು ಅತ್ತಿದ್ದು ಯಾರು ಅಪ್ಪಯ್ಯ?" ಎಂದು ಕೇಳಿದೆ. ಅವನು ಕೊಡಪಾನ ಕೆಳಗಿಟ್ಟು ಒಳಗೆ ಹೋದ. ಊಟಕ್ಕೆ ಕೂತ ಮೇಲೆ ಎಲೆ ನೋಡುತ್ತ ಹೇಳಿದ: "ಲಾರಿ ಇಳಿದಾಗ ಇಲ್ಲೊಂದು ಒಲೆ ಇತ್ತು. ಬೂದಿ ಇನ್ನೂ ಬೆಚ್ಚಗಿತ್ತು. ನಾನು ಚಳಿಗೆ ನಡುಗ್ತಿದ್ದೆ ಅಂತ ಅದರ ಹತ್ರ ಕೂರ್ಸಿದ್ರು." ಆಮೇಲೆ ಅರ್ಧ ಊಟಕ್ಕೇ ಎಲೆ ಮಡಚಿ ಎದ್ದ.

ಮರುದಿನ ನಾನು ಗುಡ್ಡ ಹತ್ತಿ ಹೋಗಿ, ಬಂದು ಎಡೆ ಇಡು ಎಂದು ಬುಟ್ಟಿಯಮ್ಮನನ್ನು ಕರೆದೆ. ಅವಳು ಬಿದಿರು ಸೀಳುವುದನ್ನು ನಿಲ್ಲಿಸಲಿಲ್ಲ. "ಚೆಲ್ಲಿಹೋದ ಎಡೆ ಮತ್ತೆ ಇಡಕ್ಕಾಗಲ್ಲ ತಂಗಿ. ಮುಂದಿನ ಅಮಾಸೆ ತಂಕ ಅವ ಹೊರಗೇ" ಎಂದಳು. ಮುಂದಿನ ವರ್ಷ ಅಪ್ಪಯ್ಯನೇ ಬಂದು ಕರೆಯುತ್ತಾನೆ ಎಂದೆ. ಅವನನ್ನು ಕೇಳದೆಯೇ ಕೊಟ್ಟ ಮಾತು ಅದು.

ಅವಳು ಮುಂದಿನ ಅಮಾವಾಸ್ಯೆ ಕಾಣಲಿಲ್ಲ. ಮಳೆ ಹಿಡಿಯುವ ಮೊದಲೇ ತೀರಿಕೊಂಡಳು. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಆಚೆ ಊರಿನವರು ಯಾರೋ ಮಣ್ಣು ಮಾಡಿ ಮುಗಿಸಿದ್ದರು.

ಈ ವರ್ಷ ಅಪ್ಪಯ್ಯ ಹಿನ್ನೀರಿಗೆ ಹೋಗಲಿಲ್ಲ. ಯಾರೂ ಹೇಳದಿದ್ದರೂ ಹಾರೆ ತಂದು ಒಗೆಯುವ ಕಲ್ಲನ್ನು ಎಬ್ಬಿಸಿ ನಿಲ್ಲಿಸಿದ. ಬಟ್ಟೆ ಬಡಿದು ಬಡಿದು ಅದರ ಒಂದು ಮೈ ನುಣ್ಣಗಾಗಿತ್ತು. ಮುಂದೆ ಎರಡು ಎಲೆ ಹಾಕಿ, ಅಮ್ಮ ಮಾಡಿದ ಕಡುಬು ಬಡಿಸಿ, ಕೈ ಮುಗಿದು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನಮ್ಮ ಕಡೆ ತಿರುಗಿದ.

"ಬುಟ್ಟಿಯಮ್ಮನ ಹೆಸ್ರು ಎಂತದು?"

ಅಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಅವಳ ಮಗಂದು?"

ಕಡುಬು ಆರುತ್ತಿತ್ತು. ಅಪ್ಪಯ್ಯ ಮುಗಿದ ಕೈ ಇಳಿಸದೆ ನಿಂತೇ ಇದ್ದ. ಕರೆಯುವುದಕ್ಕೆ ನಮ್ಮ ಯಾರ ಬಾಯಲ್ಲೂ ಒಂದು ಹೆಸರಿರಲಿಲ್ಲ.