ತಂಬಿಗೆಯ ಮೇಲೆ ಬಂಡೆಪ್ಪನ ಕೈ

ಕುಂಭಾರಿಯ ಬಂಡೆಪ್ಪ ವಾರದಲ್ಲಿ ಆರು ದಿನ ಸೋಲಾಪುರದ ಟವೆಲ್ ಕಾರಖಾನೆಯಲ್ಲಿ ಮಗ್ಗ ನಡೆಸುತ್ತಿದ್ದ. ಏಳನೆಯ ದಿನ ಬಿಳಿ ಅಂಗಿ ತೊಟ್ಟು, ಮನೆಮನೆಯ ವಿಧಿ ನಡೆಸಿಕೊಡುವ ಬೌದ್ಧಾಚಾರ್ಯನಾಗುತ್ತಿದ್ದ. ಹಳ್ಳಿ ಹಳ್ಳಿಗೂ ಭಿಕ್ಷುಗಳು ಎಲ್ಲಿಂದ ಬರಬೇಕು? ಮದುವೆಯಾಗಲಿ, ಹೆಸರಿಡುವುದಾಗಲಿ, ಸಾವಾಗಲಿ, ಅಕ್ಕಲಕೋಟೆಯವರೆಗಿನ ಬೌದ್ಧರ ಮನೆಗಳಿಂದ ಫೋನು ಬರುತ್ತಿದ್ದುದು ಅವನಿಗೇ. ಹದಿನೆಂಟು ವರ್ಷ ಹೀಗೆ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ.

ಹೋದಲ್ಲೆಲ್ಲ ಪ್ರತಿ ವಿಧಿಗೂ ಅರ್ಥ ಹೇಳುವುದು ಅವನ ಚಟ. ಹೂವು ಏಕೆ? ಅದು ಬಾಡುತ್ತದೆ, ನಾವೂ ಬಾಡುತ್ತೇವೆ. ಮೇಣಬತ್ತಿ ಏಕೆ? ಕತ್ತಲೆಯಂಥ ಅಜ್ಞಾನ ಹೋಗಲೆಂದು. ಸತ್ತವರ ಹೆಸರಿನಲ್ಲಿ ಜಲದಾನ ಏಕೆ? ಮನೆಯವರೆಲ್ಲ ಒಂದೇ ತಂಬಿಗೆಗೆ ಕೈಹಚ್ಚಿ, ಬಟ್ಟಲು ತುಂಬಿ ಹೊರಚೆಲ್ಲುವವರೆಗೆ ನೀರು ಹೊಯ್ಯುವ ವಿಧಿ ಅದು.

"ನೀರು ಸತ್ತವರಿಗೆ ಮುಟ್ಟಂಗಿಲ್ರಿ. ಅವರ ಹೆಸರಿಲೆ ಕೊಡೂದು ನಾವು ಕಲೀಬೇಕಂತ ಹೊಯ್ಯೂದು," ಎನ್ನುತ್ತಿದ್ದ. ಯಾರಾದರೂ ಕಾಗೆಗೆ ಅನ್ನ ಇಟ್ಟದ್ದು ಕಂಡರಂತೂ ಅಲ್ಲೇ ಭಾಷಣ ಶುರು. ಊರಿಗೆಲ್ಲ ಅರ್ಥ ಹಂಚಿದ ಈ ಮಹಾಶಯ ತನಗೆಂದು ಒಂದನ್ನೂ ಉಳಿಸಿಕೊಂಡಿರಲಿಲ್ಲ.

ಅದು ಗೊತ್ತಾದದ್ದು ತಾಯಿ ಗಂಗುಬಾಯಿ ಸತ್ತ ಮೇಲೆ. ಆ ಭಾನುವಾರ ಬೆಳಿಗ್ಗೆ ಹಾಸಿಗೆಯಲ್ಲಿದ್ದ ಮುದುಕಿ, "ಬಂಡೂ, ಇವತ್ತೊಂದಿನ ನನ್ನ ಹಂತ್ಯಾಕ ಕುಂದ್ರೋ," ಎಂದಿದ್ದಳು. "ಲಗೂನ ಬರ್ತೀನಿ ಯವ್ವಾ, ಅಕ್ಕಲಕೋಟದಾಗ ಜಲದಾನ ಐತಿ," ಎಂದು ಇವನು ಬಸ್ಸು ಹತ್ತಿದ. ಅಲ್ಲಿ ಯಾರದೋ ತಂಬಿಗೆಯ ಮುಂದೆ ಪಾಲಿ ಗಾಥೆ ಹೇಳುತ್ತಿದ್ದಾಗ ಇಲ್ಲಿ ತಾಯಿ ನೀರು ಕೇಳಿದಳು. ಅಕ್ಕ ಸುಗಲಾಬಾಯಿ ಬಾಯಿಗೆ ಎರಡು ಗುಟುಕು ಬಿಟ್ಟಳು. ಅಷ್ಟರಲ್ಲಿ ಮುಗಿದಿತ್ತು.

ಅಂದಿನಿಂದ ಬಂಡೆಪ್ಪ ಕಾಲು ಸುಟ್ಟ ಬೆಕ್ಕಿನಂತಾದ. ಕೂತರೆ ಎದ್ದ, ಎದ್ದರೆ ಬಾಗಿಲಿಗೆ ಹೋದ, ಹೋದವನು ಯಾಕೆ ಬಂದೆನೆಂದು ತಿಳಿಯದೆ ತಿರುಗಿ ಬಂದ. ಏಳನೆಯ ದಿನದ ಜಲದಾನಕ್ಕೆ ಸೋಲಾಪುರದಿಂದ ಕೈಲಾಸ ಎಂಬ ಇನ್ನೊಬ್ಬ ಆಚಾರ್ಯ ಬಂದಿದ್ದರೂ, "ನಮ್ಮವ್ವಂದು ನಾನ ಮಾಡ್ತೀನಿ," ಎಂದು ಹಟ ಹಿಡಿದ. ಜನ ಇದನ್ನು ಮಾತೃಭಕ್ತಿ ಎಂದುಕೊಂಡರು. ಭಕ್ತಿಯಲ್ಲ, ಹೆದರಿಕೆ. ಕೈಯಲ್ಲಿ ಗಾಥೆಯ ಪುಸ್ತಕ ಇದ್ದರೆ ತಂಬಿಗೆ ಮುಟ್ಟಬೇಕಾಗಿಲ್ಲ. ಆ ಹೊತ್ತಿಗೆ ನೀರು ಕೊಡದ ಕೈಯಿಂದ ಈಗ ಹೇಗೆ ಕೊಡುವುದು?

ಅಂದೂ ಅವನ ಕೈಗೆ ಪುರಸತ್ತಿಲ್ಲ. ಬುದ್ಧನ ಮೂರ್ತಿಯ ಕೆಳಗಿನ ಬಿಳಿ ಬಟ್ಟೆಯನ್ನು ಮೂರು ಸಲ ಎಳೆದ, ಹತ್ತಿಕೊಂಡಿದ್ದ ಮೇಣಬತ್ತಿಗೇ ಮತ್ತೆ ಕಡ್ಡಿ ಗೀರಿದ, ಬಂದವರಿಗೆ "ಸಾಲಾಗಿ ಕುಂದರ್ರಿ" ಎಂದು ಗದರಿದ. ಕೊನೆಗೆ ನಿಂತುಕೊಂಡೇ ಗಾಥೆ ಶುರುಮಾಡಿದ. ಮನೆಯವರ ಕೈಗಳೆಲ್ಲ ತಂಬಿಗೆಯ ಮೇಲಿದ್ದವು. ಅದನ್ನು ಹಿಡಿದಿದ್ದ ಅಕ್ಕ ಮಾತ್ರ ಬಗ್ಗಿಸಲಿಲ್ಲ.

"ನೀರು ಬಿಡ ಅಕ್ಕಾ."

"ನಿನ್ನ ಕೈ ಎಲ್ಲೈತಿ?"

"ನಾ ಗಾಥಾ ಹೇಳಬೇಕಲ್ಲ."

"ಗಾಥಾ ಕೈಲಾಸ ಹೇಳ್ತಾನ. ಅವ್ವಗ ಮಗ ಯಾರದಾರ ಇನ್ನೊಬ್ರು? ಕುಂದ್ರು."

ಅವಳು ಬಾಗಿಲ ಕಡೆ ನೋಡುತ್ತಿದ್ದ ತಮ್ಮನ ಅಂಗಿಯ ತುದಿಯನ್ನು ಎಡಗೈಯಿಂದ ಹಿಡಿದೆಳೆದಳು. ಬಂಡೆಪ್ಪ ನೆಲಕ್ಕೆ ಕೂತ; ಏಳು ದಿನಗಳಲ್ಲಿ ಮೊದಲ ಸಲ, ಕೂತವನು ಏಳಲಿಲ್ಲ. ಪುಸ್ತಕ ಕೈಲಾಸನ ಕೈಗೆ ಹೋಯಿತು. ಅಕ್ಕನ ಕೈಮೇಲೆ ತನ್ನ ಕೈ ಇಟ್ಟ. ಅವಳು ತಂಬಿಗೆ ಬಗ್ಗಿಸಿದಳು.

ನೀರು ಸಣ್ಣಗೆ ಇಳಿಯತೊಡಗಿತು. ಬಟ್ಟಲು ತುಂಬಿತು, ಕೆಳಗಿನ ತಾಟಿಗೆ ಚೆಲ್ಲಿತು. ಕೈಲಾಸ ಗಾಥೆ ಮುಗಿಸಿದ. ಅಕ್ಕ ತಂಬಿಗೆ ಎತ್ತಲು ನೋಡಿದರೆ ಮೇಲಿನ ಕೈ ಬಿಡಲೊಲ್ಲದು. ತಾಟೂ ತುಂಬಿ ನೀರು ನೆಲದ ಮೇಲೆ ಬಂಡೆಪ್ಪನ ಮೊಣಕಾಲವರೆಗೆ ಹರಿಯಿತು.

"ವಿಧಿ ಮುಗೀತೋ ತಮ್ಮಾ," ಎಂದಳು ಸುಗಲಾಬಾಯಿ.

"ಇನ್ನಷ್ಟು ಹೊಯ್ಯೂಣ ಅಕ್ಕಾ," ಎಂದ ಬಂಡೆಪ್ಪ. "ಅವ್ವ ನೀರು ಕೇಳಿದ್ಳು."