ಅಂಗೈಗೆ ಹತ್ತಿದ ಗರಗದ ಕಪ್ಪು

ನಾನು ಮಾನ್ವಿಯಿಂದ ದೇವದುರ್ಗದ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ನಿಜಾಮರ ಆಳ್ವಿಕೆ. ನನ್ನ ಗಂಡ ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ಅಮಾವಾಸ್ಯೆಗೊಮ್ಮೆ ಊರಿಗೆ ಬರುತ್ತಿದ್ದ. ಮನೆಯಲ್ಲಿ ಅತ್ತೆ, ನಾನು, ನನ್ನ ನೆಗೆಣ್ಣಿ. ಅವಳು ಹಿರಿಯ ಸೊಸೆ. ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡಿದ್ದಳು.

ಅತ್ತೆ ಕಾಮಣಿಗೆ ಸೊಪ್ಪಿನ ಔಷಧ ಕೊಡುತ್ತಿದ್ದಳು. ಕಣ್ಣು ಹಳದಿಯಾದವರು ಗೂಗಲ್ ಎಂಬ ದೂರದ ಹಳ್ಳಿಯಿಂದಲೂ ಬರುತ್ತಿದ್ದರು. ಸೊಪ್ಪು ತರಲು ಅತ್ತೆ ಮತ್ತು ನೆಗೆಣ್ಣಿ ಇಬ್ಬರೇ ಕೆರೆಗೆ ಹೋಗಿ, ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದರು. ಕಾಲೆಲ್ಲ ಕೆಸರು, ಬಾಯಿ ತುಂಬ ನಗು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತ ನನಗೆ ಆ ನಗು ಕೇಳಿದರೆ ಮೈ ಉರಿಯುತ್ತಿತ್ತು.

ಒಂದು ಶ್ರಾವಣದಲ್ಲಿ ನನ್ನ ಗಂಡನೇ ಕಾಮಣಿ ಹತ್ತಿಸಿಕೊಂಡು ಬಂದು ಗಾಡಿಯಿಂದಿಳಿದ. ಕಣ್ಣು, ಉಗುರು ಅರಿಶಿನ ಬಳಿದಂತಿದ್ದವು.

"ಅತ್ತಿ, ಇವತ್ತು ನಾನೂ ಬರ್ತೀನ್ರಿ ಕೆರಿಗೆ," ಎಂದೆ.

"ನೀ ಬ್ಯಾಡ. ಈ ಔಷಧ ನಾಕು ಮಂದಿಗೆ ಗೊತ್ತಾದ್ರ ಹತ್ತಂಗಿಲ್ಲ. ಒಬ್ಬಾಕಿಗೆ ಹೇಳೀನಿ, ಸಾಕು," ಎಂದಳು ಅತ್ತೆ.

"ಮಲಗಿದಾವ ನನ್ನ ಗಂಡ ಅಲ್ಲೇನ್ರಿ?"

"ನನಗ ಮಗ ಅಲ್ಲೇನು?"

ಇಬ್ಬರೂ ಹೋಗಿಬಂದರು. ನೆಗೆಣ್ಣಿ ಸೊಪ್ಪು ಅರೆದು, ಮಜ್ಜಿಗೆಯಲ್ಲಿ ಕಲಸಿ, ಬಟ್ಟಲನ್ನು ಅವನ ಕೈಗೆ ಕೊಟ್ಟಳು. "ಅತ್ತಿಗಿ, ನಿನ್ನ ಕೈಗುಣ ಛಲೋ ಅದ ಅಂತಾರ ಮಂದಿ," ಎಂದು ಅವನು ಗಟಗಟ ಕುಡಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳು ಅವನಿಗೆ ತಾಯಿಯ ಸಮಾನ, ಅದು ನನಗೂ ಗೊತ್ತು. ಆದರೂ ಆ ಬಟ್ಟಲು ನನ್ನ ಕೈಯಲ್ಲಿರಬೇಕಿತ್ತು.

ಖಾಲಿ ಬಟ್ಟಲು ತೆಗೆದುಕೊಳ್ಳಲು ಅವಳು ಕೈ ಚಾಚಿದಾಗ ಕಂಡೆ: ಅಂಗೈಯೆಲ್ಲ ಮಸಿ ಬಳಿದ ಹಾಗೆ ಕಪ್ಪು. ಬೆಳಿಗ್ಗೆ ಒಲೆ ಹಚ್ಚಿದವಳು ನಾನು, ಅವಳಲ್ಲ. ಒಳಗೆ ಹೋಗಿ ಅರೆಯುವ ಕಲ್ಲು ನೋಡಿದೆ. ಉಳಿದಿದ್ದ ಹಸಿರು ಚರಟವೂ ಕಪ್ಪಾಗಿತ್ತು. ನನಗೆ ಅಷ್ಟು ಸಾಕಾಯಿತು.

ಮರುದಿನ ಕೊಡ ಹಿಡಿದು ಒಬ್ಬಳೇ ಕೆರೆಗೆ ಹೋದೆ. ಅಂಚಿನ ಕೆಸರಿನಲ್ಲಿ ಬೆಳೆದದ್ದನ್ನೆಲ್ಲ ಒಂದೊಂದಾಗಿ ಕಿತ್ತು ಅಂಗೈಯಲ್ಲಿ ತಿಕ್ಕಿದೆ. ಒಂದು ಬರೀ ಹಸಿರು ಬಿಟ್ಟಿತು, ಇನ್ನೊಂದು ಮೀನಿನಂತೆ ನಾರಿತು. ನೆಲಕ್ಕಂಟಿದ ಗಿಡವೊಂದಿತ್ತು, ಎದುರುಬದುರು ಜೋಡಿ ಎಲೆ, ಮುಟ್ಟಿದರೆ ಒರಟು, ಕೆಂಪು ಛಾಯೆಯ ದಂಟು, ಗುಂಡಿಯಂಥ ಪುಟ್ಟ ಬಿಳಿ ಹೂವು. ಅದೂ ಹಸಿರೇ ಬಿಟ್ಟಿತೆಂದು ಎಸೆದು ಮುಂದೆ ಹೋದೆ. ಬೇರೆ ಗಿಡಕ್ಕೆ ಕೈ ಹಾಕುವಾಗ ನೋಡುತ್ತೇನೆ, ಅಂಗೈ ಕಪ್ಪಿಟ್ಟಿದೆ! ಓಡಿಹೋಗಿ ಉಡಿ ತುಂಬ ಕಿತ್ತೆ. ಅದು ಗರಗವೆಂದು ಆಮೇಲೆ ತಿಳಿಯಿತು. ತವರಿನಲ್ಲಿ ಅದನ್ನು ಹಾಕಿ ಕುದಿಸಿದ ಎಣ್ಣೆಯನ್ನೇ ತಲೆಗೆ ಹಚ್ಚಿಕೊಂಡು ಬೆಳೆದಿದ್ದೆ, ಗಿಡವನ್ನು ಮಾತ್ರ ಕಂಡಿರಲಿಲ್ಲ.

ಅತ್ತೆಯ ಮುಂದೆ ಉಡಿ ಸುರಿದೆ. ಅವಳು ಒಂದು ದಂಟು ಮುರಿದು ಹಿಡಿದು ನೋಡುತ್ತ ಕೂತಳು. ಮುರಿದ ತುದಿ ಕಪ್ಪಾಯಿತು.

"ಯಾರು ತೋರ್ಸಿದ್ರು?"

"ಅಕ್ಕನ ಕೈ ತೋರಿಸ್ತು."

ಅತ್ತೆ ಸೊಪ್ಪನ್ನು ನೆಗೆಣ್ಣಿಯತ್ತ ಸರಿಸಿದಳು. "ನಾ ಅರಿತೀನ್ರಿ," ಎಂದು ನಾನೇ ಎಳೆದುಕೊಂಡು ಕಲ್ಲಿನ ಮುಂದೆ ಕೂತೆ. ಯಾರೂ ತಡೆಯಲಿಲ್ಲ. ನನ್ನ ಗಂಡ ಒಂದು ಗುಟುಕು ಕುಡಿದು ಮುಖ ಕಿವಿಚಿದ. "ಅತ್ತಿಗಿ ಕೊಟ್ಟದ್ದು ಇಷ್ಟು ಕಹಿ ಇರ್ಲಿಲ್ಲ ನೋಡು." ಬಟ್ಟಲು ಕಸಿದು ಅಂಗಳಕ್ಕೆ ಬೀಸಿಬಿಡಬೇಕೆನಿಸಿತು.

ಸೊಪ್ಪಿನಿಂದಲೋ ಪಥ್ಯದಿಂದಲೋ, ಅವನ ಕಣ್ಣು ತಿಳಿಯಾದವು, ಅವನು ರಾಯಚೂರಿಗೆ ಮರಳಿದ. ಆ ಮಧ್ಯಾಹ್ನ ನಾವಿಬ್ಬರೂ ಸೊಸೆಯಂದಿರು ಜೋಳ ಹಸನು ಮಾಡುತ್ತಿದ್ದಾಗ ನೆಗೆಣ್ಣಿ ಮೊರದಿಂದ ಕಣ್ಣೆತ್ತದೆ ಹೇಳಿದಳು:

"ನೀ ನನ್ನ ಕೇಳಿದ್ರೂ ತೋರಿಸ್ತಿರ್ಲಿಲ್ಲ. ರಾಯಚೂರಿನ ಗಾಡಿ ಬಂದ್ರ ನೀ ಬಾಗ್ಲಿಗೆ ಓಡ್ತಿ. ನಾ ಒಳಗ ಕೂತು ನಿನ್ನ ನೋಡ್ತೀನಿ. ನನ್ನ ಕೇಳ್ಕೊಂಡು ಬರೋರು ಅಂದ್ರ ಈ ಕಾಮಣಿ ಮಂದಿ ಅಷ್ಟ."

ನನ್ನನ್ನು ಕಂಡು ಅವಳೂ ಉರಿಯುತ್ತಿರಬಹುದೆಂದು ನಾನು ಎಣಿಸಿರಲಿಲ್ಲ. ಅವಳ ಮೊರಕ್ಕೆ ಇನ್ನೊಂದು ಬೊಗಸೆ ಜೋಳ ಹಾಕಿದೆ.

ಆಮೇಲೆ ಅತ್ತೆಯ ಮೊಣಕಾಲು ಹಿಡಿದುಕೊಂಡಿತು. ಕೆರೆಗೆ ನಾನು ಹೋಗತೊಡಗಿದೆ, ಅರೆಯುವುದು ನೆಗೆಣ್ಣಿ. ಬಂದವರು ಮಾತ್ರ, "ಹಿರೇ ಸೊಸಿ ಅದಾರೇನ್ರಿ?" ಎಂದೇ ಕೇಳುತ್ತಿದ್ದರು. ಒಮ್ಮೆ ಗೂಗಲ್ಲಿನ ಹೆಣ್ಣುಮಗಳೊಬ್ಬಳು ಗುಣವಾದ ತನ್ನ ಕೂಸನ್ನು ತಂದು ಅವಳ ಮಡಿಲಲ್ಲಿ ಹಾಕಿದಳು. "ನಿಮ್ಮ ಕೈಯಿಂದ ಉಳೀತ್ರಿ ಯವ್ವಾ."

"ಸೊಪ್ಪು ತಂದಾಕಿ ಇಕಿ," ಎಂದು ನೆಗೆಣ್ಣಿ ನನ್ನನ್ನು ತೋರಿಸಿದಳು.

ಆ ಹೆಂಗಸು ನನ್ನತ್ತ ನೋಡಿ ತಲೆಯಾಡಿಸಿ, ಮತ್ತೆ ಅವಳ ಕಡೆಗೇ ತಿರುಗಿದಳು. ನಾನು ನಗಲು ನೋಡಿದೆ. ಬರಲಿಲ್ಲ.