ಅಕ್ಷರಕ್ಕೆ ತುಂಬಿದ ಬಿಳಿ

ಮದುವೆಯಾಗಿ ಶಿವಾರಪಟ್ಟಣದಿಂದ ಕೋಲಾರಕ್ಕೆ ಬಂದಾಗ ನನಗೆ ಓದು ಬರಹ ಬರುತ್ತಿರಲಿಲ್ಲ. ತವರಿನಲ್ಲಿ ಕಲ್ಲಿನ ದೇವರನ್ನು ಕಡೆಯುತ್ತಿದ್ದರು, ಗಂಡನ ಮನೆಯಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದರು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಐದಾರು ವರ್ಷ ಮುಂಚಿನ ಮಾತು. ವಕೀಲರು, ಕಚೇರಿಯವರು, ಮೇಷ್ಟ್ರುಗಳು ಹೊಸ ಮನೆ ಕಟ್ಟಿಸುತ್ತಿದ್ದರು. ಮನೆಗೊಂದು ಹೆಸರಿಟ್ಟು, ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಬಾಗಿಲ ಪಕ್ಕ ಕೂಡಿಸುವುದು ದೊಡ್ಡಸ್ತಿಕೆಯ ಗುರುತಾಗಿತ್ತು. ನಮ್ಮ ಯಜಮಾನರು ಕೆತ್ತುವರು. ಕೆತ್ತಿದ ಗೆರೆಗೆ ಬಣ್ಣ ತುಂಬುವುದು ಮನೆಯ ಹೆಂಗಸರ ಕೆಲಸ. ಅತ್ತೆಗೆ ಕಣ್ಣು ಮಂಜಾಗಿತ್ತು, ಕೆಲಸ ನನ್ನ ಪಾಲಿಗೆ ಬಂತು. 'ಮ' ಯಾವುದು 'ವ' ಯಾವುದು ಅಂತ ನಾನು ಕಲಿತದ್ದು ಬಣ್ಣದ ಕುಂಚದಿಂದ.

ಕರಿಯ ಕಲ್ಲಿಗೆ ಬಿಳಿ, ಬಿಳಿ ಕಲ್ಲಿಗೆ ಕಪ್ಪು, ಸ್ಥಿತಿವಂತರಿಗೆ ಕೆಂಪು. ಬಿಳಿಗೆ ಸಫೇದ, ಅಂದರೆ ಸೀಸದಿಂದ ಮಾಡಿದ ಪುಡಿ. ಕೆಂಪಿಗೆ ಸಿಂಧೂರ, ಅದೂ ಸೀಸದ್ದೇ. ಎರಡನ್ನೂ ಅಗಸೆ ಎಣ್ಣೆ ಬಿಟ್ಟು ಒರಳಿನಲ್ಲಿ ಅರೆಯಬೇಕು. ಬಿಳಿ ಕಲ್ಲು ಎಣ್ಣೆ ಕುಡಿಯುತ್ತದೆ, ಅದಕ್ಕೇ ಮೊದಲು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಅಕ್ಷರದೊಳಗೆ ಸವರಿ ಒಣಗಿಸುತ್ತಿದ್ದೆವು. ತುಂಬಿದ ಮೇಲೆ ಅಂಚಿಗೆ ಹರಿದ ಬಣ್ಣವನ್ನು ಟರ್ಪಿನ್ ಎಣ್ಣೆಯಲ್ಲಿ ಒರೆಸಬೇಕು, ಬಟ್ಟೆ ತೀರ ಒದ್ದೆಯಾದರೆ ಅಕ್ಷರದೊಳಗಿನದೂ ಕಿತ್ತು ಬರುತ್ತದೆ. ಒಮ್ಮೆ ಟರ್ಪಿನ್ ಸಿಗದೆ ಸೀಮೆಎಣ್ಣೆಯಲ್ಲಿ ಒರೆಸಿದೆ. ಮಾರನೆಯ ದಿನ ಪ್ರತಿ ಅಕ್ಷರದ ಸುತ್ತ ಜಿಡ್ಡಿನ ನೆರಳು. ಯಜಮಾನರು ಬೈಯಲಿಲ್ಲ. ಕಲ್ಲು ತಿರುವಿ ಹಾಕಿ, ಹಿಂದಿನ ಮೈಯಲ್ಲಿ ಮತ್ತೆ ಮೊದಲಿಂದ ಕೆತ್ತಿದರು.

ಕುಂಚ ಅಳಿಲಿನ ಬಾಲದ ಕೂದಲಿನದು. ಮೂಲೆಗೆ ಬಣ್ಣ ಹೋಗಬೇಕಾದರೆ ತುದಿ ಸೂಜಿಯ ಹಾಗಿರಬೇಕು. ಅದಕ್ಕೆ ತುಟಿಯ ನಡುವೆ ಇಟ್ಟು ಎಳೆಯುವುದು. ತೋರಿಸಿಕೊಟ್ಟವರು ಯಜಮಾನರೇ, ಅವರಿಗೆ ಅವರ ಅಪ್ಪ ತೋರಿಸಿದ್ದರು. ಬಾಯಿಗೆ ಸ್ವಲ್ಪ ಸಿಹಿ ಹತ್ತುತ್ತಿತ್ತು. ಕೆಟ್ಟದ್ದು ಕಹಿಯಾಗಿರುತ್ತದೆ ಅಂತ ತಿಳಿದಿದ್ದವಳು ನಾನು.

ಮೊದಲ ಬಸಿರು ಐದನೆಯ ತಿಂಗಳಿಗೆ ಹೋಯಿತು. ಎರಡನೆಯದು ತುಂಬಿದ ದಿನಕ್ಕೆ ಹುಟ್ಟಿತು, ಗಂಡು, ಅಳಲಿಲ್ಲ. ಮೂರನೆಯದು ಯಾರಿಗೂ ಹೇಳುವ ಮುಂಚೆಯೇ ಹೋಯಿತು. ಅತ್ತೆ ನನ್ನನ್ನು ಮುಳಬಾಗಿಲಿಗೆ ಕರೆದುಕೊಂಡು ಹೋಗಿ ಆಂಜನೇಯನಿಗೆ ಹರಕೆ ಕಟ್ಟಿಸಿದರು. ಶ್ರೀನಿವಾಸಪುರದ ಕಡೆಯ ಒಬ್ಬ ನಾಟಿ ವೈದ್ಯನ ಕಷಾಯ ಕುಡಿಸಿದರು. ಆಮೇಲೆ ಅವರ ಬೈಗುಳ ಶುರುವಾಯಿತು.

"ನಿನ್ನ ಹೊಟ್ಟೆಯೇ ಸುಡುಗಾಡು ಕಣೇ. ನನ್ನ ಮಗನ ವಂಶ ಇಲ್ಲಿಗೆ ಮುಗೀತು."

ನನಗೂ ಹಾಗೇ ಅನ್ನಿಸಿತ್ತು. ಆಗಲೇ ನನಗೆ ಆಗಾಗ ಹೊಟ್ಟೆ ಹಿಂಡುವ ನೋವು, ಮೈಯೆಲ್ಲ ಬಿಳಚಿಕೊಂಡಿತ್ತು. ನೋವು ಹೆಚ್ಚಾಗಿ ಅನ್ನ ಸೇರದೆ ಮಲಗಿದಾಗ ಯಜಮಾನರು ಜಟಕಾ ಮಾಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಲೇಡಿ ಡಾಕ್ಟರು, ತಮಿಳು ಸೀಮೆಯವರು. ಹೊಟ್ಟೆ ಮುಟ್ಟಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಬಾಯಿ ತೆರೆ ಅಂದರು. ಕೆಳತುಟಿ ಮಡಿಸಿ, ಕಿಟಕಿಯ ಬೆಳಕಿಗೆ ನನ್ನ ಮುಖ ತಿರುಗಿಸಿ ಬಹಳ ಹೊತ್ತು ನೋಡಿದರು.

"ಏನು ಕೆಲಸ ಮಾಡ್ತೀಯಮ್ಮ?"

"ಮನೆಗೆಲಸ."

"ಇನ್ನೇನು?"

"ಕಲ್ಲಿನ ಅಕ್ಷರಕ್ಕೆ ಬಣ್ಣ ತುಂಬ್ತೀನಿ."

ಕುಂಚ ಹೇಗೆ ಹಿಡಿಯುತ್ತೀಯ ತೋರಿಸು ಅಂದರು. ಮೇಜಿನ ಮೇಲಿದ್ದ ಪೆನ್ಸಿಲನ್ನು ಕೊಟ್ಟರು. ನಾನು ಅದನ್ನು ಹಿಡಿದು, ಯೋಚನೆಯೇ ಇಲ್ಲದೆ ತುಟಿಗೆ ಇಟ್ಟುಕೊಂಡೆ. ಡಾಕ್ಟರಮ್ಮ ನನ್ನ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದರು. ಯಜಮಾನರನ್ನು ಒಳಗೆ ಕರೆದು ನನ್ನ ವಸಡು ತೋರಿಸಿದರು. ಹಲ್ಲಿನ ಬುಡದಲ್ಲಿ ನೀಲಿ ದಾರ ಇಟ್ಟ ಹಾಗೆ ಒಂದು ಗೆರೆ. ಸೀಸ ರಕ್ತಕ್ಕೆ ಸೇರಿದೆ, ಮಕ್ಕಳು ನಿಲ್ಲದೆ ಹೋದದ್ದು ಅದರಿಂದಲೇ ಇರಬೇಕು ಅಂದರು.

"ನಮ್ಮಪ್ಪ ನಲವತ್ತು ವರ್ಷ ಇದೇ ಕೆಲಸ ಮಾಡಿದ್ರಮ್ಮ," ಅಂದರು ಯಜಮಾನರು. "ಏನೂ ಆಗಲಿಲ್ಲ."

"ಕೊನೇಲಿ ಅವರ ಕೈ ಹೇಗಿತ್ತು?"

ನಾನು ಬರುವ ಮುಂಚೆಯೇ ಮಾವ ತೀರಿಕೊಂಡಿದ್ದರು. ಎರಡೂ ಮಣಿಕಟ್ಟು ಜೋತುಬಿದ್ದು, ಉಳಿ ಹಿಡಿಯಲಾಗದೆ, ತುತ್ತನ್ನೂ ಅತ್ತೆಯೇ ಬಾಯಿಗೆ ಇಡುತ್ತಿದ್ದರಂತೆ. ವಾಯು ಹಿಡಿದಿದೆ ಅಂತ ಎಣ್ಣೆ ತಿಕ್ಕಿದ್ದರು. ಜಟಕಾದಲ್ಲಿ ವಾಪಸು ಬರುವಾಗ ಯಜಮಾನರು ತಮ್ಮ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಣಿಕಟ್ಟನ್ನು ಎತ್ತುವುದು, ಇಳಿಸುವುದು ಮಾಡುತ್ತಿದ್ದರು.

ಮನೆಗೆ ಬಂದು ಜಗಲಿಯ ಮೇಲೆ ಕೂತಿದ್ದ ತಮ್ಮ ಅವ್ವನಿಗೆ ಎಲ್ಲ ಹೇಳಿದರು. ಅತ್ತೆ ಬೈಗುಳ ತೆಗೆಯುತ್ತಾರೆ ಅಂತ ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರು ನನ್ನನ್ನು ಹತ್ತಿರ ಕರೆದರು.

"ನಿನಗಿಂತ ಮುಂಚೆ ಆ ಒರಳಲ್ಲಿ ನಾನೇ ಅರೀತಿದ್ದೆ. ಇವನು ಹುಟ್ಟೋಕೆ ಮುಂಚೆ ನನಗೂ ಮೂರು ಹೋದವು. ಇವನಾದ ಮೇಲೆ ಇನ್ನೂ ಎರಡು. ನಮ್ಮತ್ತೆ ನನಗೆ ಅಂದ ಮಾತನ್ನೇ ನಾನು ನಿನಗೆ ಅಂದೆ."

ಅವರು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸಮಾಧಾನ ಹೇಳಬೇಕು ಅನ್ನಿಸಲಿಲ್ಲ. ಅಷ್ಟು ಬೇಗ ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಪಕ್ಕದಲ್ಲಿ ಕೂತೆ, ಅಷ್ಟೇ.

ಯಜಮಾನರು ಉಳಿದಿದ್ದ ಸಫೇದ, ಸಿಂಧೂರ ಎರಡನ್ನೂ ಊರಾಚೆ ಗುಂಡಿ ತೋಡಿ ಹೂತು ಬಂದರು. ಒರಳನ್ನೂ ಒಡೆದು ಹಾಕಿದರು. ಬಣ್ಣದ ಅಂಗಡಿಯ ಸಾಹೇಬರು ಬೆಂಗಳೂರಿನಿಂದ ಸೀಸವಿಲ್ಲದ ಸತುವಿನ ಬಿಳಿ ತರಿಸಿಕೊಟ್ಟರು. "ಇದು ಒಂದೇ ಸಲಕ್ಕೆ ಕಲ್ಲಿನ ಮೈ ಮುಚ್ಚಲ್ಲ ಬೇಟಿ, ಮೂರು ಸಲ ತುಂಬಬೇಕು," ಅಂತ ಮೊದಲೇ ಎಚ್ಚರಿಸಿದರು. ಹಾಗೇ ಆಯಿತು. ಕಪ್ಪಿಗೆ ದೀಪದ ಕಾಡಿಗೆಯನ್ನು ಅರಗಿನಲ್ಲಿ ಕಲಸಿದೆವು. ಕೆಂಪಿಗೆ ಮಾತ್ರ ಕಾವಿ ಬಿಟ್ಟರೆ ಬೇರೆ ದಾರಿ ಕಾಣಲಿಲ್ಲ. ಆಗ ಕೈಯಲ್ಲಿ ಒಬ್ಬ ವಕೀಲರ ಕಲ್ಲಿತ್ತು. 'ಮಾತೃಕೃಪಾ' ಅಂತ ಕೆತ್ತನೆ ಮುಗಿದಿತ್ತು, ಬಣ್ಣ ಬಾಕಿ. ವಕೀಲರು ಕಾವಿ ನೋಡಿ ಮುಖ ಸಿಂಡರಿಸಿದರು.

"ಇದು ಗೋಡೆ ಅಂಚಿಗೆ ಬಳಿಯೋ ಬಣ್ಣ ಕಣಯ್ಯ. ಸಿಂಧೂರ ತುಂಬು."

"ನಮ್ಮ ಮನೇಲಿ ಇನ್ನು ಅದನ್ನ ಮುಟ್ಟಲ್ಲ ಸ್ವಾಮಿ," ಅಂದರು ಯಜಮಾನರು. ಕಾರಣವನ್ನೂ ಹೇಳಿದರು. ವಕೀಲರು ಕೇಳಿಸಿಕೊಂಡು, ಆಳು ಕಳಿಸಿ ಕಲ್ಲನ್ನು ಹೊರಿಸಿಕೊಂಡು ಹೋದರು. ಮಾಲೂರಿನಲ್ಲಿ ಇನ್ನೊಬ್ಬರ ಮನೆಯಲ್ಲಿ ತುಂಬಿಸಿದರಂತೆ. ಆ ಮನೆಯಲ್ಲಿ ಅದನ್ನು ತುಂಬಿದ ಹೆಂಗಸು ಯಾರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಯುದ್ಧ ಬಂತು. ಟರ್ಪಿನ್ ಸಿಗುವುದು ನಿಂತೇ ಹೋಯಿತು, ಮನೆ ಕಟ್ಟುವವರೂ ಕಡಿಮೆಯಾದರು. ಯಜಮಾನರ ಬಲಗೈ ಪೂರ್ತಿ ಬೀಳಲಿಲ್ಲ, ಆದರೆ ಸಣ್ಣ ಅಕ್ಷರ ಕೆತ್ತುವ ಬಿಗಿ ಹೋಯಿತು. ರುಬ್ಬುಗುಂಡು, ಬೀಸುಕಲ್ಲು ಕಡೆದು ದಿನ ಕಳೆದೆವು. ಮೂರು ವರ್ಷಕ್ಕೆ ನನ್ನ ವಸಡಿನ ಗೆರೆ ಮಾಸಿತು, ನಾಲ್ಕನೆಯ ವರ್ಷ ಮತ್ತೆ ಬಸಿರಾದೆ. ಒಂಬತ್ತು ತಿಂಗಳೂ ಉಸಿರು ಬಿಗಿಹಿಡಿದೇ ಕಳೆದೆ. ಹೆಣ್ಣು ಹುಟ್ಟಿತು, ತೀರ ಸಣ್ಣದು, ಆದರೆ ಅತ್ತಿತು.

ಸೂಲಗಿತ್ತಿ ಮಗುವನ್ನು ಅತ್ತೆಯ ಮಡಿಲಿಗೆ ಇಡಲು ಹೋದರೆ ಅವರು ಎದ್ದು ಹಿತ್ತಿಲಿಗೆ ಹೋಗಿಬಿಟ್ಟರು. ಹುಣಸೆಹಣ್ಣು, ಬೂದಿ ಹಾಕಿ ಕೈ ತಿಕ್ಕುತ್ತಿದ್ದ ಸದ್ದು ನನಗೆ ಮಲಗಿದಲ್ಲಿಗೇ ಕೇಳಿಸುತ್ತಿತ್ತು. ಆ ಕೈಗಳು ಸಫೇದ ಮುಟ್ಟಿ ಹತ್ತು ವರ್ಷದ ಮೇಲಾಗಿತ್ತು. ಹೇಳಿದರೆ ಕೇಳಲಿಲ್ಲ. ಸಾಯುವವರೆಗೂ ಅವರು ನನ್ನ ಮಗಳನ್ನು ಬರಿಗೈಯಲ್ಲಿ ಎತ್ತಲಿಲ್ಲ. ಸೆರಗನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು, ಆಮೇಲೇ ಎತ್ತಿಕೊಳ್ಳುತ್ತಿದ್ದರು.